ಆನ್‌ಲೈನ್‌ನಲ್ಲಿ ಏನು ಮಾರಿದರೆ ಗಿಟ್ಟುತ್ತದೆ? ಸರಕು ಆರಿಸುವ ಸಾಧನಗಳ ವಿಮರ್ಶೆ

ಅಮೆಜಾನ್, ಫ್ಲಿಪ್‌ಕಾರ್ಟ್, ಮೀಶೊದಲ್ಲಿ ಅಂಗಡಿ ತೆರೆಯಲು ಹೊರಟವರು ಮೊದಲು ಕೇಳುವುದು ‘ಈಗ ಯಾವುದು ಚೆನ್ನಾಗಿ ಓಡ್ತಿದೆ?’ ಎಂದು. ಇದಕ್ಕೆ ಉತ್ತರ ಕೊಡುವ ಸಾಧನಗಳಿಗೆ ಬರವಿಲ್ಲ. ಆದರೆ ಓಡುವ ಸರಕೆಲ್ಲ ಗಿಟ್ಟುವುದಿಲ್ಲ. ದಿನಾ ಆರ್ಡರ್ ಬರುತ್ತಿದ್ದು ತಿಂಗಳ ಕೊನೆಗೆ ಬ್ಯಾಂಕಿಗೆ ಬಿದ್ದ ಹಣ ನೋಡಿದರೆ ಅಸಲೂ ಹುಟ್ಟದೆ ಹೋದ ಸರಕುಗಳು ಬೇಕಾದಷ್ಟಿವೆ. ಅದಕ್ಕೇ ಇಲ್ಲಿ ಪ್ರತಿಯೊಂದು ಸಾಧನವನ್ನೂ ಒಂದೇ ಪ್ರಶ್ನೆ ಇಟ್ಟು ನೋಡಿದೆ: ಗಿರಾಕಿಯ ಮನೆ ಸೇರಿದ ಮೇಲೆ ಈ ಸರಕಿನಲ್ಲಿ ಎಷ್ಟು ಕೈಗೆ ಹತ್ತುತ್ತದೆ ಎಂಬುದನ್ನು ತಿಳಿಯಲು ಇದು ನೆರವಾಗುತ್ತದೆಯೇ?

ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ಫೀ ಎಷ್ಟು ಬೀಳುತ್ತದೆ ಎಂದು ಲೆಕ್ಕ ಹಾಕಿಕೊಡುವ ಅಮೆಜಾನ್‌ನ ಪುಕ್ಕಟೆ ರೆವಿನ್ಯೂ ಕ್ಯಾಲ್ಕುಲೇಟರ್ ಎಲ್ಲಕ್ಕಿಂತ ಉಪಯುಕ್ತ. ಅದನ್ನು ಬಳಸುವವರೇ ಕಡಿಮೆ. ಎರಡನೆಯ ಸ್ಥಾನ ಬೆಲೆಯ ಚರಿತ್ರೆ ತೋರಿಸುವ ಕೀಪಾಗೆ. ಬೆಸ್ಟ್‌ಸೆಲ್ಲರ್ ಪಟ್ಟಿ ದಿಕ್ಕು ತೋರಿಸುತ್ತದೆ, ಅಷ್ಟೇ. ಡಾಲರ್‌ನಲ್ಲಿ ಚಂದಾ ಕೇಳುವ ದೊಡ್ಡ ಸಾಫ್ಟ್‌ವೇರ್‌ಗಳು ಮೊದಲ ವರ್ಷ ಬೇಡ. ಇವೆಲ್ಲಕ್ಕೂ ಮುಂಚೆ ಕೈಯಲ್ಲಿ ಇರಬೇಕಾದವು ಒಂದು ಅಳತೆ ಟೇಪು, ಗ್ರಾಂ ತೋರಿಸುವ ಒಂದು ತಕ್ಕಡಿ.

ಬೆಸ್ಟ್‌ಸೆಲ್ಲರ್ ಪಟ್ಟಿ ಮತ್ತು ‘ಕಳೆದ ತಿಂಗಳು ಕೊಂಡವರು’

ಅಮೆಜಾನ್‌ನಲ್ಲಿ ಪ್ರತಿ ವಿಭಾಗಕ್ಕೂ 100 ಸರಕುಗಳ ಬೆಸ್ಟ್‌ಸೆಲ್ಲರ್ ಪಟ್ಟಿ ಇದೆ. ಮೇಲಿನ ದೊಡ್ಡ ವಿಭಾಗದ ಪಟ್ಟಿ ನೋಡಿ ಪ್ರಯೋಜನವಿಲ್ಲ. ಅಲ್ಲಿ ಇರುವುದೆಲ್ಲ ದೊಡ್ಡ ಬ್ರ್ಯಾಂಡ್‌ಗಳೇ. ಎಡಗಡೆ ಒಂದೊಂದೇ ಮೆಟ್ಟಿಲು ಇಳಿಯುತ್ತಾ ‘ಮನೆ ಮತ್ತು ಅಡುಗೆಮನೆ’ಯಿಂದ ಬಳಸಿ ಎಸೆಯುವ ತಟ್ಟೆಗಳವರೆಗೆ, ‘ದಿನಸಿ’ಯಿಂದ ಮೆಣಸಿನ ಪುಡಿಯವರೆಗೆ ಹೋಗಬೇಕು. ಅಷ್ಟು ಕೆಳಗೆ ಇಳಿದಾಗ ಹೆಸರು ಕೇಳಿರದ ಸಣ್ಣ ಮಾರಾಟಗಾರರು ಕಾಣಿಸಲು ಶುರುವಾಗುತ್ತಾರೆ. ಹೊಸಬರಿಗೆ ಜಾಗ ಇರುವುದು ಅಲ್ಲೇ.

ಪಟ್ಟಿಗಿಂತ ಹೆಚ್ಚು ಹೇಳುವುದು ಹುಡುಕಾಟದ ಪುಟದಲ್ಲಿ ಬೆಲೆಯ ಹತ್ತಿರ ಕಾಣುವ ಸಣ್ಣ ಸಾಲು: ಕಳೆದ ತಿಂಗಳು 50ಕ್ಕೂ ಹೆಚ್ಚು, 100ಕ್ಕೂ ಹೆಚ್ಚು, 500ಕ್ಕೂ ಹೆಚ್ಚು ಮಂದಿ ಕೊಂಡಿದ್ದಾರೆ ಎಂಬುದು. ಹೀಗೆ ಮಾಡಿ ನೋಡಿ. ನಿಮ್ಮ ಸರಕಿನ ಹೆಸರು ಕೊಟ್ಟು ಹುಡುಕಿ, ಜಾಹೀರಾತು ಬಿಟ್ಟು ಮೊದಲ 20 ಲಿಸ್ಟಿಂಗ್‌ಗಳ (ಮಾರಾಟಗಾರರು ಹಾಕಿದ ಸರಕಿನ ಪುಟಗಳ) ಬೆಲೆ, ರಿವ್ಯೂ ಸಂಖ್ಯೆ, ಈ ಸಾಲಿನ ಅಂಕಿ, ಮೂರನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಒಂದಿಬ್ಬರ ಹತ್ತಿರ ಸಾವಿರಗಟ್ಟಲೆ ಇದ್ದು ಉಳಿದವರ ಹತ್ತಿರ ಆ ಸಾಲೇ ಇಲ್ಲದಿದ್ದರೆ ಅದು ಬ್ರ್ಯಾಂಡ್ ನೋಡಿ ಕೊಳ್ಳುವ ಸರಕು, ಬಿಟ್ಟುಬಿಡಿ. ಹತ್ತು ಹನ್ನೆರಡು ಮಂದಿ 100, 200 ಹೀಗೆ ಹಂಚಿಕೊಂಡಿದ್ದು, ಅವರಲ್ಲಿ ನಾಲ್ಕೈದು ಮಂದಿಗೆ 150ಕ್ಕಿಂತ ಕಡಿಮೆ ರಿವ್ಯೂ ಇದ್ದರೆ ಅಲ್ಲಿ ಕಾಲಿಡಬಹುದು. ಈ 150 ಎಂಬ ಗೆರೆ ನನ್ನ ಅಳತೆ, ಶಾಸನವೇನಲ್ಲ; ಆದರೆ ಸಾವಿರಾರು ರಿವ್ಯೂ ಇರುವವರ ನಡುವೆ ಸೊನ್ನೆ ರಿವ್ಯೂ ಇಟ್ಟುಕೊಂಡು ನಿಂತರೆ ಜಾಹೀರಾತಿಗೆ ಸುರಿದ ಹಣ ವಾಪಸ್ ಬರುವುದು ಕಷ್ಟ.

ಅದೇ ಹಾಳೆಯಲ್ಲಿ ಇನ್ನೊಂದು ಕಾಲಂ ಇರಲಿ. ಮೇಲಿನ ಐದು ಲಿಸ್ಟಿಂಗ್‌ಗಳಿಗೆ ಬಂದ ಒಂದರಿಂದ ಮೂರು ಸ್ಟಾರ್ ರಿವ್ಯೂಗಳನ್ನು ಓದಿ, ದೂರುಗಳನ್ನು ಎಣಿಸಿ. ‘ಪುಡಿ ಸೋರಿತ್ತು’, ‘ತಟ್ಟೆ ಮೇಲೆ ಬೂಷ್ಟು’, ‘ಫೋಟೊದಲ್ಲಿ ದೊಡ್ಡದು, ಬಂದದ್ದು ಅಂಗೈಯಷ್ಟು’. ಪ್ಯಾಕಿಂಗ್‌ನಿಂದ ಸರಿಹೋಗುವ ದೂರುಗಳು ನಿಮ್ಮ ಪಾಲಿಗೆ ದಾರಿ. ಸರಕಿನ ಸ್ವಭಾವದಿಂದಲೇ ಬರುವ ದೂರು, ಅಂದರೆ ಬಣ್ಣ ಬಿಡುವುದು, ಅಳತೆ ಆಗದಿರುವುದು, ಇವು ನಿಮಗೂ ತಪ್ಪುವುದಿಲ್ಲ.

ಕೀಪಾ

ಬ್ರೌಸರ್‌ಗೆ ಸೇರಿಸಿಕೊಂಡರೆ ಅಮೆಜಾನ್‌ನ ಪ್ರತಿ ಸರಕಿನ ಪುಟದಲ್ಲೇ ಬೆಲೆಯ ಹಳೆಯ ಚರಿತ್ರೆ ಗ್ರಾಫ್ ಆಗಿ ಬರುತ್ತದೆ. ಭಾರತದ ಅಮೆಜಾನ್‌ಗೂ ಕೆಲಸ ಮಾಡುತ್ತದೆ. ಬೆಲೆಯ ಗೆರೆ ಪುಕ್ಕಟೆ. ಮಾರಾಟದ ರ‍್ಯಾಂಕ್, ಎಷ್ಟು ಮಾರಾಟಗಾರರಿದ್ದಾರೆ ಎಂಬ ವಿವರಕ್ಕೆ ಚಂದಾ ಕೊಡಬೇಕು.

ಪುಕ್ಕಟೆ ಸಿಗುವ ಗೆರೆಯೇ ದೊಡ್ಡ ವಿಷಯ ಹೇಳುತ್ತದೆ. ಒಂದು ವರ್ಷದ ಗ್ರಾಫ್ ಹಾಕಿ ನೋಡಿ. 499ಕ್ಕೆ ಶುರುವಾದದ್ದು 449, 399, 349 ಎಂದು ಮೆಟ್ಟಿಲು ಇಳಿಯುತ್ತಾ ಬಂದಿದ್ದರೆ ಅಲ್ಲಿ ಬೆಲೆಯ ಜಗಳ ನಡೆದಿದೆ, ಇನ್ನೂ ಮುಗಿದಿಲ್ಲ ಎಂದರ್ಥ. ಹೊಸಬರು ಇಂದಿನ ಬೆಲೆ 349 ನೋಡಿ ಲೆಕ್ಕ ಹಾಕಿ, ಸರಕು ತರಿಸುವಷ್ಟರಲ್ಲಿ ಅದು 299 ಆಗಿರುತ್ತದೆ. ಬೆಲೆ ಏರಿಳಿದರೂ ಮತ್ತೆ ಮತ್ತೆ ಅದೇ ಮಟ್ಟಕ್ಕೆ ಬಂದು ನಿಂತಿದ್ದರೆ ಮಾರುಕಟ್ಟೆ ಗಟ್ಟಿ. ಹಬ್ಬದ ಸೇಲ್ ದಿನಗಳಲ್ಲಿ ಮಾತ್ರ ಇಳಿದು ಮತ್ತೆ ಏರಿದ್ದರೆ ಚಿಂತೆ ಇಲ್ಲ. ಲೆಕ್ಕ ಹಾಕುವಾಗ ಇವತ್ತಿನ ಬೆಲೆ ಬೇಡ, ವರ್ಷದಲ್ಲಿ ಹೆಚ್ಚು ದಿನ ನಿಂತಿದ್ದ ಕೆಳಗಿನ ಬೆಲೆ ಹಿಡಿಯಿರಿ.

ಚಂದಾ ಕೊಟ್ಟವರಿಗೆ ಕಾಣುವ ಹಸಿರು ಗೆರೆ ಮಾರಾಟದ ರ‍್ಯಾಂಕ್. ಸಂಖ್ಯೆ ಕಡಿಮೆಯಾದಷ್ಟೂ ಮಾರಾಟ ಹೆಚ್ಚು. ಗೆರೆ ಗರಗಸದ ಹಲ್ಲಿನಂತೆ ಪದೇ ಪದೇ ಕೆಳಗೆ ಬೀಳುತ್ತಿದ್ದರೆ ಆಗಾಗ ಮಾರಾಟವಾಗುತ್ತಿದೆ. ವಾರಗಟ್ಟಲೆ ಮೇಲಕ್ಕೇ ಹೋಗಿ ಒಮ್ಮೆ ಬಿದ್ದರೆ, ಸರಕು ಗೋದಾಮಿನಲ್ಲಿ ಕೂತಿದೆ ಎಂದು ತಿಳಿಯಿರಿ. ಸರಕು ಆರಿಸುವ ಒಂದೆರಡು ತಿಂಗಳು ಮಾತ್ರ ಚಂದಾ ಕಟ್ಟಿ ಆಮೇಲೆ ನಿಲ್ಲಿಸಿದರೆ ಸಾಕು.

ಕೀಪಾದ ಮಿತಿ ಎಂದರೆ ಅದಕ್ಕೆ ಗೊತ್ತಿರುವುದು ಅಮೆಜಾನ್ ಮಾತ್ರ. ಫ್ಲಿಪ್‌ಕಾರ್ಟ್, ಮೀಶೊ ಬೆಲೆಯನ್ನು ಕೈಯಾರೆ ನೋಡಿ ಬರೆದುಕೊಳ್ಳಬೇಕು. ಸೀಸನ್ ತಿಳಿಯಲು ಗೂಗಲ್ ಟ್ರೆಂಡ್ಸ್‌ನಲ್ಲಿ ಐದು ವರ್ಷದ ಗ್ರಾಫ್ ನೋಡಿ, ಪ್ರದೇಶವನ್ನು ಒಮ್ಮೆ ಭಾರತ, ಒಮ್ಮೆ ಕರ್ನಾಟಕ ಎಂದು ಬದಲಿಸಿ. ಹೆಸರಿನ ಕಾಗುಣಿತವೂ ಅಲ್ಲೇ ಹೊಳೆಯುತ್ತದೆ: ನಾವು ಬ್ಯಾಡಗಿ ಎನ್ನುವ ಮೆಣಸಿನಕಾಯಿಯನ್ನು ಮಹಾರಾಷ್ಟ್ರದವರು ಹುಡುಕುವುದು ‘ಬೇಡಗಿ ಮಿರ್ಚಿ’ ಎಂದು. ಲಿಸ್ಟಿಂಗ್‌ನಲ್ಲಿ ಆ ಹೆಸರು ಇಲ್ಲದಿದ್ದರೆ ದೊಡ್ಡ ಗಿರಾಕಿ ಗುಂಪಿಗೆ ನಿಮ್ಮ ಪುಡಿ ಕಾಣಿಸುವುದೇ ಇಲ್ಲ.

ರೆವಿನ್ಯೂ ಕ್ಯಾಲ್ಕುಲೇಟರ್, ಮತ್ತು ಅಡಿಕೆ ಹಾಳೆ ತಟ್ಟೆಯ ಲೆಕ್ಕ

ಅಮೆಜಾನ್‌ನ ಈ ಲೆಕ್ಕದ ಪುಟವನ್ನು ಮಾರಾಟಗಾರರ ಖಾತೆ ತೆರೆಯುವ ಮೊದಲೇ ಬಳಸಬಹುದು. ಈಗಾಗಲೇ ಮಾರಾಟವಾಗುತ್ತಿರುವ ಸರಕನ್ನು ಹುಡುಕಿಯೋ, ನಿಮ್ಮ ಸರಕಿನ ಉದ್ದ, ಅಗಲ, ಎತ್ತರ, ತೂಕ, ವಿಭಾಗ, ಬೆಲೆ ತುಂಬಿಯೋ ಫೀ ಎಷ್ಟು ಎಂದು ನೋಡಬಹುದು. ಕಮಿಷನ್, ಪ್ರತಿ ಆರ್ಡರ್‌ಗೆ ಬೀಳುವ ಕ್ಲೋಸಿಂಗ್ ಫೀ, ತೂಕದ ಮೇಲಿನ ಸಾಗಣೆ ದರ, ಅಮೆಜಾನ್ ಗೋದಾಮಿಗೆ ಹಾಕಿದರೆ ಬರುವ ಪಿಕ್ ಆ್ಯಂಡ್ ಪ್ಯಾಕ್ (ಸರಕು ತೆಗೆದು ಕಟ್ಟುವ ಶುಲ್ಕ), ಎಲ್ಲ ಬಿಡಿಬಿಡಿಯಾಗಿ ಬರುತ್ತವೆ. ಮನೆಯಿಂದಲೇ ಅವರು ಒಯ್ಯುವ ಈಸಿ ಶಿಪ್ ಮತ್ತು ಗೋದಾಮಿನಿಂದ ಕಳಿಸುವ ಎಫ್‌ಬಿಎ, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬಹುದು.

ಇದರಲ್ಲಿ ಎಡವುವ ಜಾಗ ಒಂದಿದೆ. ಬೇರೆಯವರ ಸರಕನ್ನು ಹುಡುಕಿ ತೆಗೆದರೆ ಅವರು ತುಂಬಿದ ಅಳತೆಯೇ ಲೆಕ್ಕಕ್ಕೆ ಬರುತ್ತದೆ. ಅದು ಸರಕಿನ ಅಳತೆಯೋ ಪ್ಯಾಕ್ ಮಾಡಿದ ಬಾಕ್ಸಿನ ಅಳತೆಯೋ ಗೊತ್ತಾಗುವುದಿಲ್ಲ. ಸರಕನ್ನು ನಿಜವಾಗಿ ಕಳಿಸುವ ಬಾಕ್ಸಿಗೆ ಹಾಕಿ, ಅಂಟು ಟೇಪು ಸುತ್ತಿ, ಆಮೇಲೆ ಹೊರಗಿನ ಅಳತೆ ತೆಗೆದು ತುಂಬಿ. ಯಾಕೆಂದರೆ ಕೊರಿಯರ್‌ನವರು ತಕ್ಕಡಿಯ ತೂಕ ಮತ್ತು ಗಾತ್ರದ ತೂಕ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದುಡ್ಡು ಹಾಕುತ್ತಾರೆ. ಸೆಂಟಿಮೀಟರ್‌ನಲ್ಲಿ ಉದ್ದ, ಅಗಲ, ಎತ್ತರ ಗುಣಿಸಿ 5000ದಿಂದ ಭಾಗಿಸಿದರೆ ಬರುವುದೇ ಗಾತ್ರದ ತೂಕ, ಕಿಲೋ ಲೆಕ್ಕದಲ್ಲಿ.

ಮಲೆನಾಡು, ಕರಾವಳಿಯ ಎಷ್ಟೋ ಮನೆಗಳಲ್ಲಿ ಆಗುವ ಅಡಿಕೆ ಹಾಳೆ ತಟ್ಟೆಯನ್ನೇ ತೆಗೆದುಕೊಳ್ಳೋಣ. ಎಲ್ಲರಿಗೂ ಬೇಕಾದ ಸರಕು, ಹಗುರ, ಒಡೆಯುವುದಿಲ್ಲ. ಮೇಲುನೋಟಕ್ಕೆ ಆನ್‌ಲೈನ್‌ಗೆಂದೇ ಹುಟ್ಟಿದಂತಿದೆ. 10 ಇಂಚಿನ 25 ತಟ್ಟೆ ಒಂದರೊಳಗೊಂದು ಕೂರಿಸಿದರೆ 27×27×15 ಸೆಂ.ಮೀ. ಬಾಕ್ಸ್ ಬೇಕು. ತಕ್ಕಡಿಯಲ್ಲಿ 800 ಗ್ರಾಂ ಆಸುಪಾಸು. ಗಾತ್ರದ ತೂಕ 10,935 ಭಾಗಿಸು 5000, ಅಂದರೆ 2.2 ಕಿಲೋ. ತಟ್ಟೆಯ ಮಧ್ಯದ ಗಾಳಿಗೆ ಒಂದೂವರೆ ಕಿಲೋ ಸಾಗಣೆ ಕೊಡುತ್ತಿದ್ದೀರಿ.

ಲೆಕ್ಕದ ದಾರಿ ತೋರಿಸಲು ಉದಾಹರಣೆಯ ಅಂಕಿಗಳನ್ನು ಹಾಕುತ್ತೇನೆ. ಫೀ ದರಗಳು ಆಗಾಗ ಬದಲಾಗುವುದರಿಂದ ಆ ದಿನದ ದರ ಹಾಕಿಕೊಳ್ಳಬೇಕು. 25ರ ಪ್ಯಾಕಿನ ಬೆಲೆ 399 ರೂ. ತಟ್ಟೆಗೆ 4 ರೂ. ಹಿಡಿದರೆ ಅಸಲು 100. ಬಾಕ್ಸ್, ಟೇಪು, ಲೇಬಲ್ 25. ಕಮಿಷನ್ ಮತ್ತು ಕ್ಲೋಸಿಂಗ್ ಸೇರಿ 45. ಹೊರರಾಜ್ಯಕ್ಕೆ ಸಾಗಣೆ 140. ಈ 185ರ ಫೀ ಮೇಲೆ 18% ಜಿಎಸ್‌ಟಿ, 33. ಜಾಹೀರಾತು 30. ಒಟ್ಟು 373. ಉಳಿದದ್ದು 26. ನೂರರಲ್ಲಿ ಆರು ವಾಪಸ್ ಬಂದು, ಒಂದೊಂದಕ್ಕೆ ಸಾಗಣೆ, ಪ್ಯಾಕಿಂಗ್, ಹಾಳಾದ ತಟ್ಟೆ ಸೇರಿ 250 ಹೋದರೆ, ಪ್ರತಿ ಆರ್ಡರ್ ಮೇಲೆ ಇನ್ನೂ 15 ಕಳೆಯಬೇಕು. ಕೈಗೆ ಹತ್ತಿದ್ದು 11 ರೂಪಾಯಿ.

ಅದೇ ತಟ್ಟೆ 50ರ ಪ್ಯಾಕ್ ಮಾಡಿ. ಬಾಕ್ಸ್ 27×27×26, ಗಾತ್ರದ ತೂಕ 3.8 ಕಿಲೋ. ಬೆಲೆ 699. ಅಸಲು 200, ಪ್ಯಾಕಿಂಗ್ 35, ಕಮಿಷನ್ ಮತ್ತು ಕ್ಲೋಸಿಂಗ್ 75, ಸಾಗಣೆ 180, ಫೀ ಮೇಲಿನ ಜಿಎಸ್‌ಟಿ 46, ಜಾಹೀರಾತು 30. ಒಟ್ಟು 566, ಉಳಿಕೆ 133. ವಾಪಸಿನ ಪಾಲು 21 ತೆಗೆದರೆ 112. ಮೊದಲನೆಯದರಲ್ಲಿ ತಟ್ಟೆಗೆ 44 ಪೈಸೆ, ಎರಡನೆಯದರಲ್ಲಿ 2 ರೂಪಾಯಿ 24 ಪೈಸೆ. ಗಿರಾಕಿಗೂ ತಟ್ಟೆ ಅಗ್ಗವಾಯಿತು. ಸಾಗಣೆಯಲ್ಲಿ ಮೊದಲ ಅರ್ಧ ಕಿಲೋಗೆ ದರ ಹೆಚ್ಚು, ಆಮೇಲಿನ ಕಿಲೋಗಳಿಗೆ ಕಡಿಮೆ. ಜಾಹೀರಾತಿನ ಖರ್ಚು ಪ್ಯಾಕಿಗೆ ಒಂದೇ ಸಲ ಬೀಳುತ್ತದೆ. ಹಾಗಾಗಿ ದೊಡ್ಡ ಪ್ಯಾಕ್ ಗಿಟ್ಟಿತು. ಯಾವ ಬೆಸ್ಟ್‌ಸೆಲ್ಲರ್ ಪಟ್ಟಿಯೂ ಇದನ್ನು ಹೇಳುವುದಿಲ್ಲ.

ಕಮಿಷನ್ ಇಲ್ಲ ಎಂಬ ಘೋಷಣೆಗಳನ್ನೂ ಇದೇ ಲೆಕ್ಕದಲ್ಲಿಟ್ಟು ನೋಡಬೇಕು. 2025ರ ಏಪ್ರಿಲ್‌ನಿಂದ ಅಮೆಜಾನ್ 300 ರೂಪಾಯಿಗಿಂತ ಕೆಳಗಿನ ಹಲವು ವಿಭಾಗಗಳ ಸರಕುಗಳಿಗೆ ಕಮಿಷನ್ ತೆಗೆದುಹಾಕಿತು. ಇದು ಸಣ್ಣವರಿಗೆ ನಿಜವಾದ ಅನುಕೂಲ, ಅನುಮಾನವಿಲ್ಲ. ಆದರೆ ಮೇಲಿನ 25ರ ಪ್ಯಾಕಿನಲ್ಲಿ ಕಮಿಷನ್ ಪೂರ್ತಿ ತೆಗೆದರೂ ಸಾಗಣೆ ಮತ್ತು ಅದರ ಮೇಲಿನ ತೆರಿಗೆ 165 ರೂಪಾಯಿ ಅಲ್ಲೇ ಇರುತ್ತದೆ. ಕಮಿಷನ್ ಉಳಿಸಲೆಂದು 299ಕ್ಕೆ ಇಳಿಸಿದರೆ ಉಳಿಸಿದ್ದಕ್ಕಿಂತ ಕಳೆದುಕೊಂಡದ್ದೇ ಜಾಸ್ತಿ.

ಈ ಲೆಕ್ಕದಲ್ಲಿ ತೆರಿಗೆಯ ಒಂದು ಸೂಕ್ಷ್ಮವೂ ಅಡಗಿದೆ. ಎಲೆ, ಹೂವು, ತೊಗಟೆಯಿಂದ ಮಾಡಿದ ತಟ್ಟೆ ಲೋಟಗಳ ಮೇಲಿನ ಜಿಎಸ್‌ಟಿಯನ್ನು 2019ರ ಅಕ್ಟೋಬರ್‌ನಿಂದ ಸೊನ್ನೆ ಮಾಡಿದ್ದಾರೆ. ಕೇಳಲು ಚೆನ್ನ. ಆದರೆ ಮಾರುವ ಸರಕಿಗೆ ತೆರಿಗೆ ಇಲ್ಲದಿದ್ದರೆ ಫೀ ಮೇಲೆ ಕೊಟ್ಟ 18% ಅನ್ನು ಹೂಡುವಳಿ ತೆರಿಗೆ ಎಂದು ಹಿಂಪಡೆಯಲು ಬರುವುದಿಲ್ಲ. ಅದು ಪೂರ್ತಿ ಖರ್ಚು. 5% ತೆರಿಗೆ ಇರುವ ಮೆಣಸಿನ ಪುಡಿ ಮಾರುವವರು ಗಿರಾಕಿಯಿಂದ ಬಂದ ತೆರಿಗೆಯ ಎದುರು ಇದನ್ನು ಹೊಂದಿಸಿಕೊಳ್ಳಬಹುದು. ನೂರು ರೂಪಾಯಿ ಫೀ ಒಬ್ಬರಿಗೆ 118, ಇನ್ನೊಬ್ಬರಿಗೆ 100.

ಹಾಳೆ ತಟ್ಟೆಯ ದೊಡ್ಡ ಶತ್ರು ಮಳೆಗಾಲ. ಹಾಳೆ ಒಳಗೆ ತೇವ ಉಳಿದಿದ್ದರೆ ಪ್ಲಾಸ್ಟಿಕ್‌ನಲ್ಲಿ ಸುತ್ತಿದ ಹತ್ತು ದಿನದಲ್ಲಿ ಬೂಷ್ಟು ಬರುತ್ತದೆ. ಪ್ರೆಸ್ ಆದ ತಟ್ಟೆಯನ್ನು ಮತ್ತೊಮ್ಮೆ ಒಣಗಿಸಿ, ತಣ್ಣಗಾದ ಮೇಲೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಸುತ್ತಬೇಕು. ಬಿಸಿ ಇರುವಾಗ ಸುತ್ತಿದರೆ ಒಳಗೆ ಬೆವರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಫ್‌ಬಿಎ ಗೋದಾಮಿಗೆ ತಿಂಗಳುಗಟ್ಟಲೆ ಸರಕು ತುಂಬದಿರುವುದು ಕ್ಷೇಮ. ಅಮೆರಿಕಕ್ಕೆ ಕಳಿಸುವ ಆಸೆ ಇದ್ದವರಿಗೆ ಒಂದು ಎಚ್ಚರಿಕೆ: ಅಡಿಕೆ ಹಾಳೆಯ ಊಟದ ಪಾತ್ರೆಗಳನ್ನು ಅಲ್ಲಿ ಮಾರಬಾರದೆಂದು ಅಲ್ಲಿನ ಆಹಾರ ಮತ್ತು ಔಷಧ ಆಡಳಿತ 2025ರ ಮೇ ತಿಂಗಳಲ್ಲಿ ಹೇಳಿತು. ಆ ಮಾರುಕಟ್ಟೆಯನ್ನು ನಂಬಿ ಯಂತ್ರ ಹಾಕುವ ಮುನ್ನ ಈಗಿನ ಸ್ಥಿತಿ ವಿಚಾರಿಸಲೇಬೇಕು.

ಅರ್ಧ ಕಿಲೋದ ಗೆರೆ

ತಟ್ಟೆಗೆ ಗಾತ್ರದ ತೊಂದರೆಯಾದರೆ ಪುಡಿಗೆ ತೂಕದ್ದು. ಬ್ಯಾಡಗಿ ಮೆಣಸಿನ ಪುಡಿ ಹಲವು ದೃಷ್ಟಿಯಿಂದ ಒಳ್ಳೆಯ ಸರಕು. ಬಣ್ಣ ಹೆಚ್ಚು, ಖಾರ ಕಡಿಮೆ; 2011ರಲ್ಲಿ ಭೌಗೋಳಿಕ ಸೂಚಿ (ಜಿಐ) ಗುರುತು ಸಿಕ್ಕಿದೆ; ಖಾಲಿಯಾದ ಮೇಲೆ ಗಿರಾಕಿ ಮತ್ತೆ ಬರುತ್ತಾರೆ; ದಿನಸಿಯಾದ್ದರಿಂದ ಮನಸ್ಸು ಬದಲಾಯಿತೆಂದು ವಾಪಸ್ ಕಳಿಸುವಂತಿಲ್ಲ. ಆದರೆ ಎಲ್ಲರೂ ಕಣ್ಣುಮುಚ್ಚಿ ಅರ್ಧ ಕಿಲೋ ಪ್ಯಾಕ್ ಮಾಡುತ್ತಾರೆ. 500 ಗ್ರಾಂ ಪುಡಿ, ಅದರ ಪೌಚ್, ಹೊರಗಿನ ಬಾಕ್ಸ್, ಕೊರಿಯರ್ ಕವರ್ ಸೇರಿದರೆ 580 ಗ್ರಾಂ ಹತ್ತಿರ ಹೋಗುತ್ತದೆ. ಸಾಗಣೆಯ ಮೊದಲ ಹಂತ ಮುಗಿಯುವುದು 500 ಗ್ರಾಂಗೆ. 80 ಗ್ರಾಂಗಾಗಿ ಮುಂದಿನ ಹಂತದ ಪೂರ್ತಿ ದರ ಕೊಡಬೇಕು. 400 ಗ್ರಾಂ ಪ್ಯಾಕ್ ಮಾಡಿದರೆ ಎಲ್ಲ ಸೇರಿ 470-480 ಗ್ರಾಂನಲ್ಲಿ ನಿಲ್ಲುತ್ತದೆ. ಪೊಟ್ಟಣದ ಮೇಲೆ ಎಂಆರ್‌ಪಿ ಜೊತೆ ಗ್ರಾಂಗೆ ಎಷ್ಟು ಎಂಬ ಬೆಲೆಯನ್ನೂ ಮುದ್ರಿಸಬೇಕಾದ್ದರಿಂದ ಗಿರಾಕಿಗೂ ಮುಚ್ಚುಮರೆ ಇರುವುದಿಲ್ಲ. ಇಲ್ಲವೇ ನೇರ 900 ಗ್ರಾಂಗೆ ಹೋಗಿ. ನಡುವಿನ ಪ್ಯಾಕುಗಳಲ್ಲೇ ನಷ್ಟ.

ಪುಡಿಯಲ್ಲಿ ಕೈಕೊಡುವುದು ಸೀಲ್. ಜಿಪ್ ಇರುವ ಪೌಚ್ ಮುಚ್ಚಿದರೆ ಸಾಕು ಎಂದುಕೊಳ್ಳುತ್ತಾರೆ. ಜಿಪ್ ಹಲ್ಲುಗಳ ನಡುವೆ ಪುಡಿ ಕೂತರೆ ಅದು ಮುಚ್ಚುವುದೇ ಇಲ್ಲ. ಜಿಪ್ ಮೇಲೆ ಸೀಲರ್‌ನಿಂದ ಅಗಲ ಪಟ್ಟಿ ಸೀಲ್ ಹಾಕಿ, ಹಾಕುವ ಮೊದಲು ಒಳಬಾಯಿಯನ್ನು ಒಣಬಟ್ಟೆಯಿಂದ ಒರೆಸಿ. ಸೀಲ್ ಆದ ಪೌಚ್ ಮೇಲೆ ಅಂಗೈ ಊರಿ ಒತ್ತಿದಾಗ ಗಾಳಿ ಹೊರಬಂದರೆ ಅದನ್ನು ಕಳಿಸಬೇಡಿ. ಅಸಲು ಲೆಕ್ಕದಲ್ಲಿ ಇನ್ನೊಂದು ವಿಷಯ ಬಿಟ್ಟುಹೋಗುತ್ತದೆ: ಬ್ಯಾಡಗಿ ಮಾರುಕಟ್ಟೆಯಲ್ಲಿ ಕೊಂಡ ಕಾಯಿಯ ತೂಕವೂ ಗಿರಣಿಯಿಂದ ಬಂದ ಪುಡಿಯ ತೂಕವೂ ಒಂದೇ ಅಲ್ಲ. ತೊಟ್ಟು ಹೋಗುತ್ತದೆ, ಬಿಸಿಲಿಗೆ ತೇವ ಹೋಗುತ್ತದೆ, ಗಿರಣಿಯಲ್ಲಿ ಒಂದಿಷ್ಟು ಹಾರುತ್ತದೆ. ಐದು ಕಿಲೋ ಕೊಂಡು, ಪುಡಿ ಮಾಡಿಸಿ, ಮತ್ತೆ ತೂಗಿ, ಆ ಅಂಕಿಯಿಂದ ಭಾಗಿಸಿ ಬಂದದ್ದೇ ನಿಜವಾದ ಅಸಲು. ಕಾಯಿಯ ಬೆಲೆ ಆವಕದ ಸಮಯದಲ್ಲಿ ಒಂದು, ಮಳೆಗಾಲದ ಕೊನೆಗೆ ಇನ್ನೊಂದು. ಲೆಕ್ಕಕ್ಕೆ ಹೆಚ್ಚಿನದನ್ನೇ ಹಿಡಿಯಿರಿ.

ಮೀಶೊ

ಕಮಿಷನ್ ಇಲ್ಲ ಎಂಬ ಪದ್ಧತಿಯನ್ನು ಮೀಶೊ 2021ರಲ್ಲೇ ತಂದಿತು. ಅಲ್ಲಿಯ ಗಿರಾಕಿ ಬೆಲೆಯನ್ನೇ ನೋಡಿ ಕೊಳ್ಳುವವರು, ಬಹಳ ಮಂದಿ ಮನೆ ಬಾಗಿಲಲ್ಲಿ ಹಣ ಕೊಡುವವರು. ಹೀಗಾಗಿ ಬಾಗಿಲಿಂದಲೇ ವಾಪಸ್ ಬರುವ ಪಾರ್ಸೆಲ್ ಬೇರೆ, ತೆಗೆದುಕೊಂಡು ಆಮೇಲೆ ಹಿಂದಿರುಗಿಸುವ ಪಾರ್ಸೆಲ್ ಬೇರೆ ಎಂದು ಎರಡನ್ನೂ ಪ್ರತ್ಯೇಕ ಬರೆದಿಟ್ಟುಕೊಳ್ಳಬೇಕು. ಮೊದಲನೆಯದರಲ್ಲಿ ಹೋಗುವುದು ಪ್ಯಾಕಿಂಗ್ ಮತ್ತು ಹತ್ತಾರು ದಿನ ದಾರಿಯಲ್ಲಿ ಸಿಕ್ಕಿಕೊಂಡ ಬಂಡವಾಳ. ಎರಡನೆಯದರಲ್ಲಿ ವಾಪಸ್ ಸಾಗಣೆಯ ಖರ್ಚೂ ಮಾರಾಟಗಾರರ ತಲೆಗೆ ಬರುತ್ತದೆ.

ಅಳತೆ ಇರುವ ಬಟ್ಟೆಗಳಲ್ಲಿ ಎರಡನೆಯದು ಜಾಸ್ತಿ. ಕುರ್ತಿ, ಚೂಡಿದಾರ್ ಮಾರುವವರು ಆರು ಅಳತೆ, ನಾಲ್ಕು ಬಣ್ಣ ಇಟ್ಟರೆ ಒಂದು ಡಿಸೈನ್‌ಗೇ 24 ಬಗೆಯ ಸ್ಟಾಕ್; ಎಲ್ಲರೂ ಕೇಳುವ ಅಳತೆ ಖಾಲಿಯಾಗಿ ಉಳಿದದ್ದು ಕಪಾಟಿನಲ್ಲಿ ಕೂರುತ್ತದೆ. ಹೊಸಬರು ಒಂದೇ ಅಳತೆಯ ಸರಕಿನಿಂದ ಶುರು ಮಾಡುವುದು ವಾಸಿ: ದುಪಟ್ಟಾ, ಬೆಡ್‌ಶೀಟ್, ಟವೆಲ್, ಫ್ರಿಡ್ಜ್ ಕವರ್, ಸೀರೆ.

ಮೀಶೊದ ದೊಡ್ಡ ಗುಣ ಪ್ರಯೋಗಕ್ಕೆ ಅದು ಅಗ್ಗದ ಜಾಗ ಎಂಬುದು. 2023ರ ಅಕ್ಟೋಬರ್ 1ರಿಂದ ಜಿಎಸ್‌ಟಿ ನೋಂದಣಿ ಇಲ್ಲದ ಸಣ್ಣ ಮಾರಾಟಗಾರರೂ ಜಿಎಸ್‌ಟಿ ಪೋರ್ಟಲ್‌ನಲ್ಲಿ ಎನ್‌ರೋಲ್‌ಮೆಂಟ್ ಸಂಖ್ಯೆ ಪಡೆದು ಇಂಥ ತಾಣಗಳ ಮೂಲಕ ತಮ್ಮ ರಾಜ್ಯದೊಳಗೆ ಸರಕು ಮಾರಬಹುದು. ಕರ್ನಾಟಕದವರು ಕರ್ನಾಟಕದ ಗಿರಾಕಿಗಳಿಗೆ ಮಾತ್ರ. ಬೀದರ್‌ನಿಂದ ಚಾಮರಾಜನಗರದವರೆಗಿನ ಗಿರಾಕಿ ಒಂದು ಸರಕನ್ನು ಪರೀಕ್ಷಿಸಲು ಸಾಕಷ್ಟು. ಮಾರಾಟ ಕುದುರಿದ ಮೇಲೆ ನೋಂದಣಿ ಮಾಡಿಸಿ ಹೊರರಾಜ್ಯಕ್ಕೆ ಹೋಗಬಹುದು. ಕಡಿಮೆ ದರದಲ್ಲಿ ಸರಳವಾಗಿ ಜಿಎಸ್‌ಟಿ ಕಟ್ಟುವ ಕಾಂಪೊಸಿಷನ್ ಸ್ಕೀಮಿನವರಿಗೂ ರಾಜ್ಯದೊಳಗಿನ ಮಾರಾಟ ಮಾತ್ರ.

ಮೊದಲೇ ಹೇಳಿದ ಡಾಲರ್ ಚಂದಾದ ಸಾಫ್ಟ್‌ವೇರ್‌ಗಳಾದ ಹೀಲಿಯಂ 10, ಜಂಗಲ್ ಸ್ಕೌಟ್ ಬಗ್ಗೆ ಎರಡು ಮಾತು ಸಾಕು. ಇಂಥ ಸಾಫ್ಟ್‌ವೇರ್ ತಿಂಗಳ ಮಾರಾಟದ ಸಂಖ್ಯೆ ಕೊಡುವುದು ರ‍್ಯಾಂಕ್‌ನಿಂದ ಅಂದಾಜು ಮಾಡಿ. ಹತ್ತಾರು ಸರಕು ಇರುವವರಿಗೆ, ಹುಡುಕು ಪದಗಳನ್ನು ರಾಶಿಯಾಗಿ ನೋಡಬೇಕಾದವರಿಗೆ ಪ್ರಯೋಜನವಿದೆ. ಒಂದೆರಡು ಸರಕಿನವರಿಗೆ ಆ ಚಂದಾ ಹಣ ಪ್ಯಾಕಿಂಗ್‌ಗೆ ಹಾಕಿದರೆ ಲಾಭ ಹೆಚ್ಚು. ಸ್ವಂತ ಬ್ರ್ಯಾಂಡ್ ಹೆಸರಿಗೆ ಟ್ರೇಡ್‌ಮಾರ್ಕ್ ಅರ್ಜಿ ಹಾಕಿ ಅಮೆಜಾನ್‌ನ ಬ್ರ್ಯಾಂಡ್ ರಿಜಿಸ್ಟ್ರಿಗೆ ಸೇರಿದರೆ ಗಿರಾಕಿಗಳು ಏನು ಹುಡುಕಿದರು, ಯಾವುದನ್ನು ಒತ್ತಿದರು ಎಂಬ ಅಮೆಜಾನ್‌ನದೇ ಮಾಹಿತಿ ಸಿಗುತ್ತದೆ. ಒಬ್ಬರೇ ವ್ಯಕ್ತಿಗೆ ಅಥವಾ ಸಣ್ಣ ಉದ್ದಿಮೆಗೆ ಆನ್‌ಲೈನ್ ಅರ್ಜಿಯ ಸರ್ಕಾರಿ ಶುಲ್ಕ ಒಂದು ವರ್ಗಕ್ಕೆ 4,500 ರೂ. ನನ್ನ ಮಟ್ಟಿಗೆ ಆ ಹಣ ಇಲ್ಲಿ ಹಾಕುವುದೇ ಸರಿ.

ಯಾವ ಸಾಧನವೂ ಹೇಳದ ಕಾಗದಪತ್ರ

ಲೆಕ್ಕದಲ್ಲಿ ಚಿನ್ನದಂತೆ ಕಂಡ ಸರಕು ಒಂದು ಸರ್ಟಿಫಿಕೇಟ್ ಇಲ್ಲದೆ ಬ್ಲಾಕ್ ಆಗುವುದುಂಟು. ಆಟಿಕೆಗಳಿಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯ. ಚನ್ನಪಟ್ಟಣದ ಗೊಂಬೆಗಳಿಗೆ ಇದರಲ್ಲಿ ದಾರಿ ಇದೆ: ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿದ ಕುಶಲಕರ್ಮಿಗಳೇ ಮಾಡಿ ಮಾರುವ ಆಟಿಕೆಗೂ, ಭೌಗೋಳಿಕ ಸೂಚಿಯ ಅಧಿಕೃತ ಬಳಕೆದಾರರ ಆಟಿಕೆಗೂ ವಿನಾಯಿತಿ ಕೊಟ್ಟಿದ್ದಾರೆ. ಆದರೆ ಸಗಟು ಅಂಗಡಿಯಲ್ಲಿ ಕೊಂಡು ತಂದು ‘ಚನ್ನಪಟ್ಟಣ’ ಎಂದು ಮಾರಿದವರಿಗೆ ಆ ವಿನಾಯಿತಿ ತಾನಾಗಿ ಬರುವುದಿಲ್ಲ. ಕುಶಲಕರ್ಮಿಯ ಗುರುತಿನ ಚೀಟಿ, ಅಧಿಕೃತ ಬಳಕೆದಾರರ ಪತ್ರ, ಬಿಲ್ಲು, ಮೂರೂ ಕೈಯಲ್ಲಿ ಇರಬೇಕು. ಗೊಂಬೆ ಸರಕಾಗಿ ಬಹಳ ಒಳ್ಳೆಯದು: ಆಲೆ ಮರದ್ದು, ಅರಗಿನ ಬಣ್ಣದ್ದು, ಗಾತ್ರ ಸಣ್ಣದು, ಉಡುಗೊರೆಗೆ ಕೊಳ್ಳುವುದರಿಂದ ಬೆಲೆ ಜಗಳ ಕಡಿಮೆ. ಇಲ್ಲಿ ತೊಡಕು ಪೂರೈಕೆ. ಕೈಯಲ್ಲಿ ಆಗುವ ಕೆಲಸ, ದೀಪಾವಳಿಗೆ ಏಕಾಏಕಿ ಆರ್ಡರ್ ಬಂದರೆ ಕಡೆಯುವವರು ಎಲ್ಲಿಂದ ತರುತ್ತಾರೆ? ಕೈಯಲ್ಲಿ ಇರುವಷ್ಟೇ ಸ್ಟಾಕ್ ತೋರಿಸಬೇಕು. ಆರ್ಡರ್ ತೆಗೆದುಕೊಂಡು ಕ್ಯಾನ್ಸಲ್ ಮಾಡಿದರೆ ಖಾತೆಗೆ ಪೆಟ್ಟು. ಅಮೆಜಾನ್‌ನಲ್ಲಿ ಕ್ಯಾನ್ಸಲ್ 2.5%, ತಡವಾಗಿ ಕಳಿಸಿದ್ದು 4%, ದೋಷದ ಆರ್ಡರ್ 1% ಒಳಗೆ ಇರಬೇಕು.

ತಿನ್ನುವ ಸರಕಿಗೆಲ್ಲ ಆಹಾರ ಸುರಕ್ಷತಾ ಪ್ರಾಧಿಕಾರದ ಎಫ್‌ಎಸ್‌ಎಸ್‌ಎಐ ಸಂಖ್ಯೆ ಬೇಕು. ಗಿರಾಕಿಯ ಕೈ ಸೇರುವ ಹೊತ್ತಿಗೆ ಬಾಳಿಕೆಯ 30% ಅಥವಾ 45 ದಿನ ಉಳಿದಿರಬೇಕೆಂದು 2024ರ ನವೆಂಬರ್‌ನಲ್ಲಿ ಪ್ರಾಧಿಕಾರ ಆನ್‌ಲೈನ್ ತಾಣಗಳಿಗೆ ಹೇಳಿದೆ. ಎರಡು ತಿಂಗಳು ಮಾತ್ರ ಬಾಳುವ ಚಕ್ಕುಲಿ, ಕೋಡುಬಳೆ ಇದರಿಂದ ದೂರದ ಊರಿಗೆ ಕಷ್ಟ. ಪುಡಿ, ಹಪ್ಪಳ, ಫಿಲ್ಟರ್ ಕಾಫಿಪುಡಿ ಸಲೀಸು. ಗಾಜಿನ ಬಾಟಲಿಯ ಉಪ್ಪಿನಕಾಯಿ ಮೊದಲ ಸರಕಾಗಿ ಬೇಡವೇ ಬೇಡ. ಒಂದು ಬಾಟಲಿ ಒಡೆದರೆ ಅದೇ ಚೀಲದ ನಾಲ್ಕು ಪಾರ್ಸೆಲ್ ಎಣ್ಣೆಯಾಗುತ್ತವೆ.

ಕೊಳ್ಳುವ ಮುನ್ನ, ಕೊಂಡ ಮೇಲೆ

ಆರಿಸಿದ ಸರಕನ್ನು ಮೊದಲು 40-50 ಪೀಸು ಮಾತ್ರ ತನ್ನಿ. ಸಗಟಿನಲ್ಲಿ 500 ಪೀಸಿಗೆ ದರ ಇಳಿಯುತ್ತದೆ ಎಂದು ಅಂಗಡಿಯವರು ಹೇಳಿಯೇ ಹೇಳುತ್ತಾರೆ. ಆ ಉಳಿತಾಯ ಎರಡನೇ ಸಲಕ್ಕೆ ಇರಲಿ. ಐದು ಪಾರ್ಸೆಲ್‌ಗಳನ್ನು ಎದೆಯೆತ್ತರದಿಂದ ಮೂಲೆ ಕೆಳಗಾಗಿ ಬೀಳಿಸಿ ಬಿಚ್ಚಿ ನೋಡಿ. ಒಂದು ಹಾಳಾಗಿದ್ದರೂ ಪ್ಯಾಕಿಂಗ್ ಬದಲಿಸಿ, ಬದಲಿಸಿದ ಮೇಲೆ ಮತ್ತೆ ಅಳತೆ, ತೂಕ ತೆಗೆದು ಲೆಕ್ಕ ಹಾಕಿ.

ಜಾಹೀರಾತಿಗೆ ಎಷ್ಟು ಹಾಕಬಹುದು ಎಂಬುದಕ್ಕೂ ಲೆಕ್ಕವಿದೆ. ಜಾಹೀರಾತು ಬಿಟ್ಟು ಒಂದು ಆರ್ಡರ್‌ಗೆ 60 ರೂಪಾಯಿ ಉಳಿಯುತ್ತದೆ, ಹತ್ತು ಮಂದಿ ಒತ್ತಿ ನೋಡಿದರೆ ಒಬ್ಬರು ಕೊಳ್ಳುತ್ತಾರೆ ಎಂದರೆ ಒಂದು ಕ್ಲಿಕ್‌ಗೆ 6 ರೂಪಾಯಿ ಕೊಟ್ಟಲ್ಲಿ ಲಾಭ ಸೊನ್ನೆ. 3 ರೂಪಾಯಿಯಿಂದ ಶುರು ಮಾಡಿ. ಇಪ್ಪತ್ತೈದು ಮೂವತ್ತು ಕ್ಲಿಕ್ ಆದರೂ ಒಂದು ಆರ್ಡರ್ ಬರದ ಹುಡುಕು ಪದವನ್ನು ನಿಲ್ಲಿಸಿ.

ಮೊದಲ ಹಣ ಬಂದ ದಿನ ಸೆಟ್ಲ್‌ಮೆಂಟ್ ವರದಿ (ಕಡಿತಗಳ ಸಮೇತ ಪಾವತಿಯ ವಿವರ) ಇಳಿಸಿಕೊಂಡು ಒಂದೊಂದು ಆರ್ಡರ್‌ಗೆ ಹಾಕಿದ ತೂಕವನ್ನು ನಿಮ್ಮ ಅಳತೆಯ ಜೊತೆ ಹೋಲಿಸಿ. 480 ಗ್ರಾಂ ಪಾರ್ಸೆಲ್‌ಗೆ ಒಂದು ಕಿಲೋ ದರ ಬಿದ್ದಿದ್ದರೆ, ಬಾಕ್ಸನ್ನು ತಕ್ಕಡಿ ಮೇಲಿಟ್ಟು ಅಂಕಿ ಕಾಣುವಂತೆ ತೆಗೆದ ಫೋಟೊ, ಟೇಪು ಹಿಡಿದ ಮೂರು ಬದಿಯ ಫೋಟೊ ಹಾಕಿ ಕೂಡಲೇ ದೂರು ಕೊಡಬೇಕು. ಅದಕ್ಕೆ ಗಡುವು ಇರುತ್ತದೆ. ಇದೇ ವರದಿಯಲ್ಲಿ ತಾಣವೇ ಮುಂಚಿತವಾಗಿ ಹಿಡಿದು ಸರ್ಕಾರಕ್ಕೆ ಕಟ್ಟುವ ಜಿಎಸ್‌ಟಿ ಟಿಸಿಎಸ್ 0.5%, ಆದಾಯ ತೆರಿಗೆಯ ಟಿಡಿಎಸ್ 0.1% ಕಡಿತವೂ ಕಾಣುತ್ತದೆ. ಇವೆರಡೂ 2024ರಲ್ಲಿ 1%ನಿಂದ ಇಳಿದ ದರಗಳು. ಈ ಕಡಿತ ಖರ್ಚಲ್ಲ, ರಿಟರ್ನ್ ಸಲ್ಲಿಸುವಾಗ ಕೇಳಿ ಪಡೆಯುವ ಹಣ. ಹಾಗಾಗಿ ಇವನ್ನು ಲಾಭದ ಲೆಕ್ಕದಿಂದ ಕಳೆಯದೆ ಬೇರೆ ಕಾಲಂನಲ್ಲಿ ಬರೆದಿಟ್ಟುಕೊಳ್ಳಿ.